ಎಣ್ಣೆ ಹಚ್ಚದ ಹಲಗೆ

ಮಾವಿನಕಟ್ಟೆ, ಹುಂಚ ಅಂಚೆ
16-1-1966

ಸಾಗರದಲ್ಲಿರುವ ನನ್ನ ಯಜಮಾನರಿಗೆ ಪುಷ್ಪ ಮಾಡುವ ನಮಸ್ಕಾರ.

ಕಾಗದ ಶುರು ಮಾಡುವಾಗ ಎಲ್ಲರೂ ಕ್ಷೇಮ ಅಂತ ಬರೆಯಬೇಕೆಂದು ನಾಲ್ಕನೇ ಕ್ಲಾಸಿನಲ್ಲಿ ಮೇಷ್ಟ್ರು ಕಲಿಸಿದ್ದರು. ನಾವು ಕ್ಷೇಮವೇ. ಅತ್ತೆಗೆ ಮಂಡಿ ನೋವು. ಮಾವ ಮೊದಲೇ ಮಾತು ಕಡಿಮೆ, ಈಗ ಇನ್ನೂ ಕಡಿಮೆ. ಕಪ್ಪು ಹಸು ಕರು ಹಾಕಿದೆ.

ಎದುರಿಗೆ ಇದ್ದಾಗಲೇ ನಿಮ್ಮ ಹತ್ತಿರ ಮಾತಾಡಲು ನನಗೆ ಬರುತ್ತಿರಲಿಲ್ಲ. ಕಾಗದದಲ್ಲಿ ಬರುತ್ತದೋ ಇಲ್ಲವೋ ನೋಡೋಣ ಅಂತ ಕೂತಿದ್ದೇನೆ. ನಿಮ್ಮ ವಿಳಾಸ ಕೊಟ್ಟವನು ಬಸ್ಸಿನ ಕಂಡಕ್ಟರ್ ಬೆಳ್ಳಪ್ಪ. ಗಂಡನ ಹೆಸರನ್ನು ಬಾಯಲ್ಲಿ ಹೇಳಬಾರದು, ಆದರೆ ವಿಳಾಸದಲ್ಲಿ ಬರೆಯಲೇಬೇಕಲ್ಲ! ಅದಕ್ಕೆ ಒಳಗಿನದನ್ನೆಲ್ಲ ಬಿಟ್ಟು ವಿಳಾಸವನ್ನೇ ಮೊದಲು ಬರೆದೆ. ನೀವು ಮಾಡುವ ಹಾಗೆ ಅಕ್ಷರದ ಬಲಗಡೆ ನೆರಳು ಕೊಡಲು ಹೋಗಿ ಮಸಿ ಹರಡಿತು. ಅಂಚೆಯವರು ಬೈಯದಿದ್ದರೆ ಸಾಕು.

ಸಾಗರ–ಹೊಸನಗರ–ತೀರ್ಥಹಳ್ಳಿ ಅಂತ ಬಸ್ಸಿನ ಮುಂದೆ ಈಗ ಹೊಸ ಮರದ ಬೋರ್ಡು ಬಂದಿದೆ. ಅದನ್ನು ಬರೆದದ್ದು ನೀವೇ ಅಂತ ಯಾರೂ ನನಗೆ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಆ ಅಕ್ಷರಗಳ ಬಾಲ ಎಳೆ ಬಿದಿರಿನ ತುದಿಯ ಹಾಗೆ ಬಾಗುತ್ತದೆ. ಬಸ್ಸು ಬರುವ ಹೊತ್ತಿಗೆ ನನಗೆ ಈಗ ದಿನವೂ ರಸ್ತೆ ಬದಿಯಲ್ಲಿ ಏನೋ ಕೆಲಸ ಇರುತ್ತದೆ. ಅತ್ತೆ ಮೊನ್ನೆ, "ಏನೇ, ಬಸ್ಸಿಗೆ ಹುಲ್ಲು ಹಾಕೋಕೆ ಹೋಗ್ತೀಯೇನೆ?" ಅಂದರು.

ನೀವು ಹೋದ ದಿನ ನಾನು ಬಾಗಿಲ ಹಿಂದೆ ಇದ್ದೆ. ನನ್ನ ಕಡೆಯಿಂದ ಕಂಡದ್ದು ನಿಮಗೆ ಗೊತ್ತಿಲ್ಲ, ಅದಕ್ಕೆ ಬರೆಯುತ್ತೇನೆ. ವಾಸಪ್ಪನವರ ಮನೆ ಮದುವೆಗೆ ಅಂತ ಮಾವ ಮಾಡಿದ್ದ ಹಸೆಮಣೆಗೆ, ಅವರು ಇಲ್ಲದಾಗ, ನೀವು ಸುತ್ತಲೂ ಬಳ್ಳಿ ಬರೆದು ನಡುವೆ ಗಂಡು ಹೆಣ್ಣಿನ ಹೆಸರು ಬರೆದಿದ್ದಿರಿ. ನನಗೆ ಅದು ಎಷ್ಟು ಚಂದ ಕಂಡಿತ್ತು. ಮಾವ ಬಂದು ನೋಡಿದರು. ಒಂದು ಮಾತೂ ಆಡದೆ ಉಜ್ಜುಗೊರಡು ತಂದು ಬಣ್ಣವನ್ನೆಲ್ಲ ಹೆರೆದು ತೆಗೆದರು. ಕೆಂಪು, ಹಸಿರು ಸುರುಳಿಗಳು ಅಂಗಳದ ತುಂಬ ಬಿದ್ದವು. "ಮರ ಮರದ ಹಾಗೆ ಇರ್ಲಿ. ಬಣ್ಣ ಬಳೀಬೇಕು ಅಂತಿದ್ರೆ ಬೇರೆ ಮರ ಹುಡ್ಕೋ" ಅಂದರು. "ನೀವಾಗಿ ಕರೆಯೋ ತನಕ ಈ ಅಂಗಳ ಮೆಟ್ಟಲ್ಲ" ಅಂತ ನೀವು ಬಣ್ಣದ ಪೆಟ್ಟಿಗೆ ಎತ್ತಿಕೊಂಡಿರಿ. ಹೋಗುವಾಗ ತಿರುಗಿ ನೋಡಿದಿರೋ ಏನೋ. ಬಾಗಿಲ ಸಂದಿಯಿಂದ ಕಾಣಲಿಲ್ಲ.

ಆ ಸುರುಳಿಗಳಲ್ಲಿ ಒಂದನ್ನು ನಾನು ಎತ್ತಿಟ್ಟುಕೊಂಡಿದ್ದೇನೆ. ಬಳ್ಳಿಯ ತುದಿ ಇರುವುದು.

ಇನ್ನೊಂದು ವಿಷಯ. ಅತ್ತೆ ಈಗ ನನಗೆ ತುಂಬಿದ ಕೊಡ ಎತ್ತಲು ಬಿಡುತ್ತಿಲ್ಲ. ಯಾಕೆ ಅಂತ ಬರೆಯಲು ನನಗೆ ನಾಚಿಕೆ. ನೀವೇ ತಿಳಿದುಕೊಳ್ಳಿ.

ಇಂತಿ,
ನಿಮ್ಮ ಪುಷ್ಪ


ಸಾಗರ
27-1-1966

ಪುಷ್ಪಳಿಗೆ,

ಕೊಡದ ವಿಷಯ ಓದಿದೆ. ಆಮೇಲೆ ಒಂದು ಲಾರಿಯ ಹಿಂಬದಿ ಹಲಗೆಗೆ ಅಕ್ಷರ ಬರೆಯಬೇಕಿತ್ತು. ಗೆರೆ ಸೊಟ್ಟಾಗಿ ಎರಡು ಸಲ ಒರೆಸಿ ಬರೆದೆ. ನಮ್ಮ ಧಣಿ ಮಹಾಗಣಪತಿಯವರು, "ಏನೋ ಕನ್ನಪ್ಪ, ಜ್ವರವೇನೋ?" ಅಂದರು. "ಹೌದು, ಜ್ವರ" ಅಂದೆ. ನಗುತ್ತಾ ಜ್ವರ ಅನ್ನುವವನನ್ನು ಅವರು ಇದೇ ಮೊದಲು ನೋಡಿದ್ದಂತೆ.

ಇಲ್ಲಿ ಕೆಲಸಕ್ಕೆ ಬರವಿಲ್ಲ. ಬಸ್ಸಿನ ಬೋರ್ಡು, ಮರದ ಟ್ರಂಕು, ಅಂಗಡಿಯ ಹಲಗೆ, ಒಮ್ಮೊಮ್ಮೆ ದೇವರ ಮಂಟಪ. ಮೊದಲು ಸುಣ್ಣದ ದಾರ ಹೊಡೆದು ಗೆರೆ ಎಳೆಯುತ್ತೇನೆ, ಆಮೇಲೆ ಅಕ್ಷರ, ಕೊನೆಗೆ ಬಳ್ಳಿ. ಅಕ್ಷರ ಗಿರಾಕಿಯದ್ದು, ಅವರು ಹೇಳಿದಂತೆ ಬರೆಯಬೇಕು. ಬಳ್ಳಿ ನನ್ನದು. ಅದು ಎಲ್ಲಿ ಹೊರಳಬೇಕು, ಎಲ್ಲಿ ಎಲೆ ಬಿಡಬೇಕು ಅಂತ ಯಾರೂ ಹೇಳುವುದಿಲ್ಲ. ಆ ಬಸ್ಸಿನ ಬೋರ್ಡಿನ ಎಡಗಡೆ ಕೆಳಗಿನ ಮೂಲೆ ನೋಡು. ಬಳ್ಳಿಯಲ್ಲೆಲ್ಲ ಎಲೆ ಇದೆ, ಅಲ್ಲಿ ಮಾತ್ರ ಒಂದು ಮೊಗ್ಗು ಇದೆ. ಅದು ನಿನಗೆ. ಬಸ್ಸಿನವರಿಗೂ ಗೊತ್ತಿಲ್ಲ.

ಮನೆಗೆ ಬಾ ಅಂತ ನೀನು ಬರೆದಿಲ್ಲ. ಬರೆದಿದ್ದರೂ ಬರಲು ಆಗುತ್ತಿರಲಿಲ್ಲ. ಅಪ್ಪಯ್ಯ ಮರವನ್ನು ಹೆರೆದರು ಅಂತ ನನಗೆ ಸಿಟ್ಟಿಲ್ಲ. ಬೈಯದೆ ಹೆರೆದರಲ್ಲ, ಅದು ಮನಸ್ಸಿನಿಂದ ಹೋಗುವುದಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತು ಆಡಿ, ರಾತ್ರಿ ಊಟಕ್ಕೆ ಅವರ ಪಕ್ಕದಲ್ಲೇ ಕೂತಿರುತ್ತಿದ್ದೆ. ಅವರು ಒಂದು ಸಲ ಕರೆಯಲಿ. ಸಾಕು.

ನೀನು ಕೊಡ ಎತ್ತಬೇಡ. ಅಮ್ಮನಿಗೆ ಎಣ್ಣೆ ಕಾಯಿಸಿ ಮಂಡಿಗೆ ಹಚ್ಚು. ಆ ಸುರುಳಿಯನ್ನು ಒಲೆಯ ಹತ್ತಿರ ಇಡಬೇಡ, ಬಣ್ಣ ಬಿರಿಯುತ್ತದೆ.

ನಿನ್ನ
ಕನ್ನಪ್ಪ


ಮಾವಿನಕಟ್ಟೆ
13-3-1966

ಯಜಮಾನರಿಗೆ ನಮಸ್ಕಾರ.

ಮೊಗ್ಗು ನೋಡಿದೆ. ಬಸ್ಸು ನಿಂತಾಗ ಹತ್ತಿರ ಹೋಗಿ ನೋಡಿದೆ. ಬೆಳ್ಳಪ್ಪ, "ಯಾವೂರಿಗೆ ತಂಗೀ, ಹತ್ತು" ಅಂದ. ಓಡಿ ಬಂದುಬಿಟ್ಟೆ.

ಈ ಕಾಗದ ಬರೆಯುತ್ತಿರುವುದು ಒಂದು ಸುದ್ದಿ ಹೇಳಲು. ಹಿತ್ತಲಿನ ಹಳೇ ಹಲಸಿನ ಮರ ಕಡಿಸಿದ್ದರಲ್ಲ, ಮಾವ ಅದರ ಹಲಗೆ ತೆಗೆದು ತೊಟ್ಟಿಲು ಮಾಡುತ್ತಿದ್ದಾರೆ. ಯಾರಿಗೆ ಅಂತ ಹೇಳಿಲ್ಲ. ಯಾರೂ ಕೇಳಿಲ್ಲ. ಮಗು ಹುಟ್ಟುವ ಮುಂಚೆ ತೊಟ್ಟಿಲು ಜೋಡಿಸಬಾರದು ಅಂತ ಕಾಲು, ಪಟ್ಟಿ, ಹಲಗೆ ಎಲ್ಲವನ್ನೂ ಬಿಡಿಬಿಡಿಯಾಗಿಯೇ ಇಡುತ್ತಾರಂತೆ. ಅತ್ತೆ ಹೇಳಿದರು.

ನಿನ್ನೆ ಊಟ ಮಾಡುವಾಗ ಅತ್ತೆ, "ಯುಗಾದಿಗೆ ಮಗನಿಗೆ ಬಾ ಅಂತ ಹೇಳಿ ಕಳ್ಸೋದಲ್ವಾ?" ಅಂತ ಕೇಳಿದರು. ಮಾವ ಅನ್ನ ಕಲಸುತ್ತಾ, "ಹೋದೋನಿಗೆ ದಾರಿ ಗೊತ್ತೈತೆ" ಅಂದರು. ಅತ್ತೆ, "ದಾರಿ ಗೊತ್ತಿರೋದು ಬೇರೆ, ಬಾಗ್ಲು ತೆಗ್ದಿರೋದು ಬೇರೆ" ಅಂದರು. ಮಾವ ಮಜ್ಜಿಗೆ ಕೇಳಿದರು.

ಯುಗಾದಿಗೆ ಬನ್ನಿ ಅಂತ ನಾನೇ ಕರೆಯುತ್ತೇನೆ. ನನ್ನ ಕರೆ ಲೆಕ್ಕಕ್ಕೆ ಬರುವುದಿಲ್ಲ ಅಂತ ಗೊತ್ತು. ಆದರೂ ಅವತ್ತು ಬಸ್ಸು ನೋಡಲು ಬರುತ್ತೇನೆ.

ನಿಮ್ಮ ಪುಷ್ಪ


ಸಾಗರ
2-4-1966

ಪುಷ್ಪಳಿಗೆ,

ಯುಗಾದಿಯ ದಿನ ನೀನು ಬಸ್ಸಿನ ಹತ್ತಿರ ಬರಲಿಲ್ಲ. ನಾನು ಬಂದಿದ್ದೆ.

ಹಿಂದಿನ ಸೀಟಿನಲ್ಲಿ ಕಿಟಕಿಯ ಪಕ್ಕ ಕೂತಿದ್ದೆ. ಹೊಸ ಅಂಗಿ ಹಾಕಿಕೊಂಡಿದ್ದೆ, ನಿನಗೊಂದು ಸೀರೆಯೂ ಇತ್ತು. ಇಳಿಯೋಣ, ಏನಾದರೂ ಆಗಲಿ ಅಂತಲೇ ಹೊರಟಿದ್ದೆ. ಮಾವಿನಕಟ್ಟೆಯಲ್ಲಿ ಬಸ್ಸು ನಿಂತಿತು. ನೋಡಿದರೆ ಅಪ್ಪಯ್ಯ ನಿಂತಿದ್ದಾರೆ. ತೀರ್ಥಹಳ್ಳಿಗೆ ಯಾರಿಗೋ ಕಳಿಸಲು ಎರಡು ಮಣೆ ತಂದಿದ್ದರು. ಬೆಳ್ಳಪ್ಪ ಅವನ್ನು ಬಸ್ಸಿನ ಮೇಲೆ ಹಾಕುವಷ್ಟರಲ್ಲಿ ಅವರು ಬಸ್ಸಿನ ಮುಂದೆ ಬಂದರು. ನಾನು ಎದ್ದು ಬಾಗಿಲ ತನಕ ಬಂದಿದ್ದೆ. ಅಲ್ಲಿಂದ ಮುಂದಿನ ಗಾಜಿನಲ್ಲಿ ಕಂಡಿತು. ಅವರು ಬೋರ್ಡಿನ ಮೇಲೆ ಕೈಯಿಟ್ಟರು. ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ಸವರಿದರು. ಅವರಿಗೆ ಓದು ಬರುವುದಿಲ್ಲ, ನಿನಗೆ ಗೊತ್ತಲ್ಲ. ಅವರು ನೋಡಿದ್ದು ಬಣ್ಣವನ್ನೋ ಮರವನ್ನೋ ತಿಳಿಯಲಿಲ್ಲ. ಆಮೇಲೆ ಕೈಯನ್ನು ಪಂಚೆಗೆ ಒರೆಸಿಕೊಂಡರು.

ಆ ಒರೆಸಿಕೊಂಡದ್ದೇ ನನ್ನ ಕಾಲು ಕಟ್ಟಿಹಾಕಿಬಿಟ್ಟಿತು. ಬೆಳ್ಳಪ್ಪ ಸೀಟಿ ಹೊಡೆದ. ನಾನು ತೀರ್ಥಹಳ್ಳಿಗೆ ಹೋಗಿ, ಹೊಳೆಯ ಬಂಡೆಯ ಮೇಲೆ ಕೂತಿದ್ದು, ಸಂಜೆ ಶಿವಮೊಗ್ಗದ ಮೇಲೆ ಸಾಗರಕ್ಕೆ ಬಂದೆ.

ಸೀರೆ ಬೆಳ್ಳಪ್ಪನ ಕೈಯಲ್ಲಿ ಕಳಿಸುತ್ತೇನೆ. ಅಂಚು ಹಸಿರು.

ಕನ್ನಪ್ಪ


ಮಾವಿನಕಟ್ಟೆ
29-5-1966

ಯಜಮಾನರಿಗೆ ನಮಸ್ಕಾರ.

ಸೀರೆ ಬಂತು. ನಿಮ್ಮ ಕಾಗದಕ್ಕೆ ನಾನು ಇಷ್ಟು ದಿನ ಉತ್ತರ ಬರೆಯಲಿಲ್ಲ. ಸಿಟ್ಟು ಬಂದಿತ್ತು. ಯುಗಾದಿಯ ದಿನ ನಾನು ಬಸ್ಸಿಗೆ ಬರಲಿಲ್ಲ, ಯಾಕೆಂದರೆ ನೀವು ಬಂದೇ ಬರುತ್ತೀರಿ ಅಂತ ಒಳಗೆ ಹೋಳಿಗೆ ಬೇಯಿಸುತ್ತಿದ್ದೆ. ಬಸ್ಸಿನ ಸದ್ದು ಕೇಳಿತು. ನಿಂತದ್ದೂ ಕೇಳಿತು, ಹೋದದ್ದೂ ಕೇಳಿತು. ಆಮೇಲೆ ಮಾವ ಒಬ್ಬರೇ ಬಂದರು. ಬಂದವರು ನೇರ ಕೊಟ್ಟಿಗೆಯ ಪಕ್ಕದ ಕೆಲಸದ ಜಾಗಕ್ಕೆ ಹೋದರು, ಹಬ್ಬದ ದಿನವೂ.

ಈಗ ಸಿಟ್ಟಿಲ್ಲ. ಈಗ ಒಂದು ಭಯ ಇದೆ. ನನ್ನಿಂದ ಏನೋ ಆಗಿದೆ, ಏನು ಅಂತ ತಿಳಿಯುತ್ತಿಲ್ಲ.

ತೊಟ್ಟಿಲಿನ ಬಿಡಿಭಾಗಗಳೆಲ್ಲ ಅಟ್ಟದಲ್ಲಿವೆ. ಮಳೆ ಹಿಡಿಯುವ ಮುಂಚೆ ಅಟ್ಟ ಗುಡಿಸಲು ಹತ್ತಿದ್ದೆ. (ಬೈಯಬೇಡಿ, ಅತ್ತೆ ಏಣಿ ಹಿಡಿದಿದ್ದರು.) ನೋಡಿದರೆ ಕಾಲುಗಳಿಗೆ, ಪಟ್ಟಿಗಳಿಗೆ, ಪಕ್ಕದ ಹಲಗೆಗಳಿಗೆ ಎಲ್ಲಕ್ಕೂ ಮಾವ ಹೊಂಗೆ ಎಣ್ಣೆ ತಿಕ್ಕಿದ್ದಾರೆ, ಹಲಸು ಜೇನಿನ ಬಣ್ಣಕ್ಕೆ ಬಂದಿದೆ. ತಲೆಕಡೆಯ ಹಲಗೆ ಒಂದಕ್ಕೆ ಮಾತ್ರ ಇಲ್ಲ. ಅದು ಬರೀ ಬೋಳು. ಬೇರೆ ಎಲ್ಲಕ್ಕಿಂತ ಅದನ್ನೇ ಹೆಚ್ಚು ನುಣುಪು ಮಾಡಿದ್ದರು, ಎಣ್ಣೆಯನ್ನು ಮಾತ್ರ ಮರೆತಿದ್ದರು. ಕಣ್ಣು ಮಂಜು ಅನ್ನುತ್ತಾರೆ, ಹಾಗಾಗಿ ಬಿಟ್ಟುಹೋಗಿದೆ ಅಂದುಕೊಂಡೆ. ಈ ಊರಿನ ಮಳೆಗಾಲದಲ್ಲಿ ಬೋಳು ಮರ ಇಟ್ಟರೆ ಬೂಷ್ಟು ಹಿಡಿಯುವುದಿಲ್ಲವೇ? ನಾನೇ ಕೆಳಗಿಳಿಸಿ ಎಣ್ಣೆ ತಿಕ್ಕಿದೆ. ಒಣಗಿಸಿ ಮತ್ತೆ ತಿಕ್ಕಿದೆ. ಮಾವನ ಕೆಲಸ ಮುಗಿಸಿಕೊಟ್ಟೆ ಅಂತ ನನಗೆ ಹೆಮ್ಮೆ.

ಸಂಜೆ ಮಾವ ಬಂದು, ಜಗಲಿಯಲ್ಲಿ ಒರಗಿಸಿಟ್ಟ ಹಲಗೆ ನೋಡಿದರು. ಹತ್ತಿರ ಹೋಗಿ ಮೂಸಿದರು. ನನ್ನ ಕಡೆ ನೋಡಿ, "ಸಾಗರದಿಂದ ಕಾಗ್ದ ಬಂದಿತ್ತಾ?" ಅಂತ ಕೇಳಿದರು. ಮಾವ ನೇರವಾಗಿ ನನ್ನನ್ನು ಮಾತಾಡಿಸಿದ್ದು ಅದೇ ಮೊದಲು. ಹೌದು ಅಂತ ತಲೆ ಆಡಿಸಿದೆ. ಕಾಗದ ಬಂದಿದ್ದು ನಿಜ ತಾನೇ? ಅವರು "ಹೂಂ" ಅಂದು ಹಲಗೆಯನ್ನು ಅಟ್ಟಕ್ಕೆ ಹಾಕಿದರು, ಗೋಡೆಗೆ ಮುಖ ಮಾಡಿ. ಆವತ್ತಿನಿಂದ ಕೆಲಸದ ಜಾಗಕ್ಕೂ ಹೋಗುತ್ತಿಲ್ಲ. ಕಟ್ಟೆಯ ಮೇಲೆ ಸುಮ್ಮನೆ ಕೂರುತ್ತಾರೆ. ಅತ್ತೆ, "ಏನಾಯ್ತು ನಿಮ್ಗೆ, ಯಾವ ಗಾಳಿ ಸೋಕ್ತು?" ಅಂದರೆ ಎದ್ದು ಹೋಗುತ್ತಾರೆ.

ನಾನು ಮಾಡಿದ್ದೇನು? ನಿಮಗೆ ಮರದ ವಿಷಯ ಗೊತ್ತು. ಬೇಗ ಬರೆಯಿರಿ.

ನಿಮ್ಮ ಪುಷ್ಪ


ಸಾಗರ
5-6-1966

ಪುಷ್ಪಾ,

ನಿನ್ನದೇನೂ ತಪ್ಪಿಲ್ಲ. ಮೊದಲು ಅದನ್ನು ಓದಿಕೊಂಡು, ಆಮೇಲೆ ಮುಂದಿನದನ್ನು ಓದು.

ನಾನು ಚಿಕ್ಕವನಿದ್ದಾಗ ಇದ್ದಿಲಿನಿಂದ ಕಂಡಕಂಡ ಹಲಗೆಯ ಮೇಲೆಲ್ಲ ಬರೆಯುತ್ತಿದ್ದೆ. ಅದಕ್ಕೆ ಅಪ್ಪಯ್ಯ ಒಂದು ಹಲಗೆ ಮುಗಿಯಿತು ಅಂದ ಕೂಡಲೇ ಎಣ್ಣೆ ಬಳಿದುಬಿಡುತ್ತಿದ್ದರು. ಬಳಿದು, "ಈಗ ಬರಿ ನೋಡಾಣ" ಅಂತ ನಗುತ್ತಿದ್ದರು. ಎಣ್ಣೆ ಕುಡಿದ ಮರದ ಮೇಲೆ ಇದ್ದಿಲೂ ನಿಲ್ಲುವುದಿಲ್ಲ, ಬಣ್ಣವೂ ನಿಲ್ಲುವುದಿಲ್ಲ. ಅದನ್ನು ನನಗೆ ಕಲಿಸಿದವರೇ ಅವರು. ಅಪ್ಪಯ್ಯ ಊಟ ಮರೆತಾರು, ಎಣ್ಣೆ ಮರೆಯುವವರಲ್ಲ.

ತಲೆಕಡೆಯ ಹಲಗೆಯಲ್ಲಿ ಮಗುವಿನ ಹೆಸರು ಬರೆಯುತ್ತಾರೆ, ಗೊತ್ತಾ. ಅದೊಂದನ್ನೇ ಬೋಳು ಬಿಟ್ಟಿದ್ದರು. ಎಲ್ಲಕ್ಕಿಂತ ನುಣುಪು ಮಾಡಿ ಬಿಟ್ಟಿದ್ದರು.

ಅವರು ಕರೆಯಲಿ ಅಂತ ನಾನು ಕಾಯುತ್ತಿದ್ದೆ. ಅವರು ಕರೆದು, ಆ ಕರೆಯನ್ನು ಅಟ್ಟದಲ್ಲಿಟ್ಟಿದ್ದರು.

ಈಗ ಅವರು ಏನು ತಿಳಿದಿದ್ದಾರೆ ಅಂತ ನಿನಗೆ ಹೊಳೆಯಿತೇ? "ಕಾಗ್ದ ಬಂದಿತ್ತಾ" ಅಂತ ಯಾಕೆ ಕೇಳಿದರು? ನೀನು ಹಲಗೆಯ ವಿಷಯ ನನಗೆ ಬರೆದೆ, ನಾನು "ಎಣ್ಣೆ ಹಚ್ಚಿಬಿಡು, ನಾನು ಬರುವುದಿಲ್ಲ" ಅಂತ ಹೇಳಿ ಕಳಿಸಿದೆ ಅಂದುಕೊಂಡಿದ್ದಾರೆ. ನಾನು ಒಲ್ಲೆ ಅಂದೆ ಅಂತ ತಿಳಿದು ಕಟ್ಟೆಯ ಮೇಲೆ ಕೂತಿದ್ದಾರೆ.

ಈ ಕ್ಷಣವೇ ಬಸ್ ಹತ್ತಬೇಕು ಅನ್ನಿಸುತ್ತದೆ. ಆದರೆ ಅವರಿಗೆ ನಿಜ ತಿಳಿಯುವ ಮುಂಚೆ ನಾನು ಬಂದು ನಿಂತರೆ, ಬೇಡ ಅಂದವನು ಮಗುವಿಗಾಗಿ ಬಂದ, ತನಗಾಗಿ ಅಲ್ಲ ಅಂದುಕೊಳ್ಳುತ್ತಾರೆ. ಅದು ಕೊನೆ ತನಕ ಅವರ ಮನಸ್ಸಿನಿಂದ ಹೋಗುವುದಿಲ್ಲ. ನೀನೇ ಹೇಳಬೇಕು. ಅಮ್ಮನ ಕೈಯಲ್ಲಿ ಹೇಳಿಸಬೇಡ, ಅಮ್ಮ ಅದಕ್ಕೆ ಉಪ್ಪು ಖಾರ ಹಾಕದೆ ಬಿಡುವುದಿಲ್ಲ. ಮಾವನ ಮುಂದೆ ನಿಂತು ಮಾತಾಡುವುದು ನಿನಗೆ ಎಷ್ಟು ಕಷ್ಟ ಅಂತ ಗೊತ್ತು. ನನ್ನ ಮುಂದೆಯೇ ನೀನು ಒಂದು ವರ್ಷದಲ್ಲಿ ಆಡಿದ ಮಾತನ್ನೆಲ್ಲ ಒಂದು ಟ್ರಂಕಿನ ಮುಚ್ಚಳದ ಮೇಲೆ ಬರೆಯಬಹುದು. ಆದರೂ ಹೇಳು. ಹೇಳಿದ ದಿನವೇ ನನಗೆ ಬರೆ.

ನಿನ್ನ ಕನ್ನಪ್ಪ


ಮಾವಿನಕಟ್ಟೆ
28-7-1966

ಯಜಮಾನರಿಗೆ ನಮಸ್ಕಾರ.

ಮಗಳು ಹುಟ್ಟಿದ್ದಾಳೆ. ಅವಳೂ ನಾನೂ ಚೆನ್ನಾಗಿದ್ದೇವೆ. ಅವಳದು ನಿಮ್ಮದೇ ಕಿವಿ.

ಇಷ್ಟು ದಿನ ಕಾಗದ ಇಲ್ಲ ಅಂತ ನೀವು ಏನೇನು ಅಂದುಕೊಂಡಿರೋ. ಮಳೆ ಹಿಡಿದದ್ದು ಬಿಡಲೇ ಇಲ್ಲ. ಹೊಸನಗರದ ದಾರಿಯಲ್ಲಿ ಮೋರಿ ಕೊಚ್ಚಿಹೋಗಿ ಬಸ್ಸು ನಿಂತಿತ್ತು, ಟಪ್ಪಾಲೂ ನಿಂತಿತ್ತು. ಇವತ್ತು ಬೆಳಗ್ಗೆ ಬಸ್ಸು ಬಂತಂತೆ. ಆದರೆ ಮಳೆಯ ಮೇಲೆ ಎಲ್ಲ ಹೊರಿಸುವುದು ಸರಿಯಲ್ಲ. ನಿಮ್ಮ ಕಾಗದ ಬಂದ ಮೇಲೆ ದಿನಾ ಬೆಳಗ್ಗೆ ಇವತ್ತು ಹೇಳಿಬಿಡುತ್ತೇನೆ ಅಂದುಕೊಳ್ಳುತ್ತಿದ್ದೆ. ಮಾವ ಎದುರಿಗೆ ಬಂದರೆ ಸೆರಗು ಸರಿಮಾಡಿಕೊಂಡು ಒಳಗೆ ಹೋಗುತ್ತಿದ್ದೆ.

ನೋವು ಶುರುವಾದ ದಿನ ಅತ್ತೆ ಸೂಲಗಿತ್ತಿಯನ್ನು ಕರೆಯಲು ಓಡಿದರು. ಮನೆಯಲ್ಲಿ ಮಾವ, ನಾನು ಇಬ್ಬರೇ. ಮಾವ ಜಗಲಿಯಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದರು. ನಾನು ಇವತ್ತು ಸತ್ತೇಹೋದರೆ ಈ ಮಾತು ನನ್ನ ಜೊತೆಯೇ ಹೋಗುತ್ತದೆ ಅನ್ನಿಸಿತು. ಗೋಡೆ ಹಿಡಿದು ಬಾಗಿಲಿಗೆ ಬಂದು ಹೇಳಿದೆ: "ಮಾವ, ಎಣ್ಣೆ ಹಚ್ಚಿದ್ದು ನಾನೇ. ನೀವು ಮರೆತಿದ್ದೀರಿ ಅಂದ್ಕೊಂಡೆ. ಅವರಿಗೆ ಗೊತ್ತೇ ಇರ್ಲಿಲ್ಲ. ಗೊತ್ತಾದ ಮೇಲೆ, ಅಪ್ಪಯ್ಯ ಕರೆದಿದ್ರು, ನಂಗೆ ಕೇಳ್ಲಿಲ್ಲ ಅಂತ ಬರ್ದಿದಾರೆ."

ಮಾವ ಕಂಬ ಹಿಡಿದು ನಿಂತರು. "ಮರ್ತಿದೀನಿ ಅಂದ್ಕೊಂಡ್ಯಾ?" ಅಂದರು. "ಹೂಂ" ಅಂದೆ. "ನಾನು? ಎಣ್ಣೆ ಮರೆಯೋದು?" ಅಂದರು. ಅವರ ಗಂಟಲಿಂದ ಏನೋ ಸದ್ದು ಬಂತು. ನಗುವೋ ಏನೋ, ನನಗೆ ನೋಡುವಷ್ಟು ಶಕ್ತಿ ಇರಲಿಲ್ಲ. "ಹೋಗ್ ಮಗಾ, ಒಳಗೋಗಿ ಮಲಗು" ಅಂದರು.

ಮಾರನೆಯ ದಿನ ಬೆಳಗ್ಗೆ ಮಗುವನ್ನು ಪಕ್ಕದಲ್ಲಿಟ್ಟುಕೊಂಡು ಮಲಗಿದ್ದೆ. ಕೆಲಸದ ಜಾಗದಿಂದ ಉಜ್ಜುಗೊರಡಿನ ಸದ್ದು ಬಂತು. ನೀವು ಹೋದ ದಿನದ್ದೇ ಸದ್ದು. ಮಗುವನ್ನು ಹತ್ತಿರಕ್ಕೆ ಎಳೆದುಕೊಂಡೆ. ಅತ್ತೆ ಹೋಗಿ, "ಬಾಣಂತಿ ಮಲಗಿರೋ ಮನೇಲಿ ಇದೆಂಥ ಗಲಾಟೆ ನಿಮ್ದು?" ಅಂದರು. ಮಾವ, "ಮಗೀಗೂ ಗೊತ್ತಾಗ್ಲಿ, ಇದು ಯಾರ ಮನೆ ಅಂತ" ಅಂದರು. ಗಾಳಿಗೆ ಒಂದು ಸುರುಳಿ ನನ್ನ ಕೋಣೆಯ ಬಾಗಿಲ ತನಕ ಉರುಳಿ ಬಂತು. ಮೂಸಿ ನೋಡಿದೆ, ಹೊಂಗೆ ಎಣ್ಣೆ. ನಾನು ತಿಕ್ಕಿದ ಎಣ್ಣೆಯನ್ನು ಮಾವ ಹೆರೆದು ತೆಗೆಯುತ್ತಿದ್ದರು. ಬಣ್ಣವಿಲ್ಲದಿದ್ದರೂ ಆ ಸುರುಳಿ ನೀವು ಬರೆಯುವ ಬಳ್ಳಿಯ ಹಾಗೆಯೇ ಹೊರಳಿಕೊಂಡಿತ್ತು. ಅದನ್ನೂ ಎತ್ತಿಟ್ಟುಕೊಂಡೆ. ಈಗ ನನ್ನ ಹತ್ತಿರ ಎರಡಿವೆ.

ಇವತ್ತು ಬಸ್ಸು ಬಂತು ಅಂತ ತಿಳಿದ ಮೇಲೆ ಮಾವ ನನ್ನ ಕೋಣೆಯ ಹೊಸ್ತಿಲಿನ ಆಚೆ, ನನಗೆ ಬೆನ್ನು ಹಾಕಿ ಕೂತು, "ಬರ್ಕೋ" ಅಂದರು. ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬೇರೆ ಹಾಳೆಯಲ್ಲಿ ಬರೆದಿದ್ದೇನೆ. ಬರೆದಾದ ಮೇಲೆ, "ಓದು" ಅಂದರು. ಓದಿದೆ, ನಿಮ್ಮ ಹೆಸರು ಬಿಟ್ಟು. "ಮೊದಲ್ನೇ ಸಾಲಲ್ಲಿ ಒಂದು ಮಾತು ನುಂಗ್ದೆ" ಅಂದರು. ಅತ್ತೆ ಅಡಿಗೆಮನೆಯಿಂದ, "ಅಯ್ಯೋ, ಅದು ಗಂಡನ ಹೆಸ್ರು ಕಣ್ರೀ!" ಅಂತ ನಕ್ಕರು. ಮಾವನ ಬೆನ್ನು ಅಲುಗುವುದು ನನಗೆ ಕಂಡಿತು. ಈ ಸಲ ಅದು ನಗುವೇ.

ಮಗುವಿಗೆ ಏನು ಹೆಸರು ಅಂತ ಅತ್ತೆ ಕೇಳಿದರೆ, "ಬರೆಯೋನು ಬರ್ಲಿ" ಅನ್ನುತ್ತಾರೆ. ಅವಳು ಇನ್ನೂ ಹಸಿರು ಅಂಚಿನ ಸೀರೆಯ ಜೋಲಿಯಲ್ಲೇ ಮಲಗುತ್ತಿದ್ದಾಳೆ.

ನಿಮ್ಮ ಪುಷ್ಪ


ಮಾವಿನಕಟ್ಟೆ
28-7-1966

ಚಿರಂಜೀವಿ ಕನ್ನಪ್ಪನಿಗೆ ಅಪ್ಪಯ್ಯ ಹೇಳಿ ಬರೆಸಿದ್ದು.

ಮಳೆ ಚೆನ್ನಾಗಿ ಐತೆ. ನಿನ್ನ ಅಮ್ಮನ ಮಂಡಿ ಹಂಗೇ ಐತೆ.

ತೊಟ್ಟಿಲಿಗೆ ಹಾಕಿರೋದು ಹಿತ್ತಲ ಹಲಸು. ನೀನು ಹತ್ತಿ ಬಿದ್ದು ಕೈ ಮುರ್ಕೊಂಡಿದ್ದೆಯಲ್ಲ, ಅದೇ ಮರ. ತಲೆಕಡೆ ಹಲಗೆ ಎಣ್ಣೆ ಕುಡಿದಿತ್ತು. ಕೊರಡು ಹಾಕಿ ತೆಗೆದೀನಿ. ಹುಡುಗಿ ಚೆನ್ನಾಗಿ ತಿಕ್ಕಿದ್ದಳು, ಆಳಕ್ಕೆ ಇಳಿದಿತ್ತು, ತುಂಬಾ ತೆಗೀಬೇಕಾಯ್ತು. ಈಗ ಬೋಳಾಗಿ ಐತೆ. ಒಲೆ ಮೇಲಿನ ಅಟ್ಟದಲ್ಲಿ ಬೆಚ್ಚಗೆ ಇಟ್ಟೀನಿ.

ಯಾವ ಬಣ್ಣ, ಎಂಥ ಬಳ್ಳಿ ಅಂತ ನಾನು ಕೇಳಲ್ಲ. ಮಗು ಮಲಗೋ ಜಾಗ, ವಾಸನೆ ಆರೋ ತನಕ ಒಣಗಬೇಕು. ಅದಕ್ಕೆ ತಡ ಮಾಡಬೇಡ.

ಹಲಗೆ ತೆಳ್ಳಗಾಗೈತೆ. ಇನ್ನೊಂದು ಸಲ ಕೊರಡು ಹಾಕೋಕೆ ಅದರಲ್ಲಿ ಮರ ಉಳಿದಿಲ್ಲ.

ನಿನ್ನ ಅಪ್ಪಯ್ಯ
ಕೆರಿಯಪ್ಪ